ಟೆಂಪೋ ನಿಧಾನ, ಕೀ ಮೈನರ್

ಬ್ಯಾಂಡ್ ಮೇಷ್ಟ್ರ ಶ್ರದ್ಧಾಂಜಲಿ ಸಭೆ ಕೆಟ್ಟದ್ದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಸೌಂಡ್ಸ್ ಹಮೀದಣ್ಣನ ದಡ್ಡತನದಿಂದ ಎಂದು ವಿರಾಜಪೇಟೆಯಲ್ಲಿ ಈಗಲೂ ಹೇಳುತ್ತಾರೆ. ಈ ವಾದಕ್ಕೆ ನನ್ನ ವಿರೋಧವಿದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬಹುಮಾನಗಳನ್ನು ಬಾಚಿಕೊಂಡವಳು ನಾನು. ಸಾಕ್ಷ್ಯ ನೋಡದೆ ಯಾರನ್ನೂ ದಡ್ಡರೆನ್ನುವುದಿಲ್ಲ. ನೋಡಿದರೆ, ದಡ್ಡರು ಬೇರೆಯೇ ಇದ್ದಾರೆ.

ಶಿರಂಗಾಲದಿಂದ ಓದಲು ಬಂದ ನಾನು ಮೇಷ್ಟ್ರ ಮನೆಯ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದೆ. ಮದುವೆ ಬ್ಯಾಂಡಿನಲ್ಲಿ ಆಯುಷ್ಯವೆಲ್ಲ ಕ್ಲಾರಿನೆಟ್ ಊದಿದ ಅವರ ಬಳಿ ಲೇಬಲ್ ಕಿತ್ತುಹೋದ ಒಂದು ಕ್ಯಾಸೆಟ್ಟಿತ್ತು. ಅದರಲ್ಲೊಂದು ಜಾಝ್ ಟ್ಯೂನ್. ಹಾಡಿಲ್ಲ, ಬರೀ ವಾದ್ಯ. ಸಂಜೆ ಕಾಫಿಯ ಹೊತ್ತಿಗೆ ಹಳೇ ಟೇಪ್‌ರೆಕಾರ್ಡರಿನಲ್ಲಿ ಅದನ್ನು ಹಾಕಿ, "ಇದು ಕುಣಿಯೋ ಟ್ಯೂನ್ ಕಣಮ್ಮ" ಎನ್ನುತ್ತಿದ್ದರು.

ಬಿಟ್ಟೇನೇ? ಮೊಬೈಲಿನ ಆ್ಯಪ್ ಹಿಡಿದು ಅಳೆದೆ.

"ಮೂರು ಅಂಶ ಸರ್. ಟೆಂಪೋ, ಅಂದ್ರೆ ಗತಿ, ತೀರಾ ನಿಧಾನ. ಕೀ, ಅಂದ್ರೆ ಶ್ರುತಿ, ಮೈನರ್, ದುಃಖದ್ದು. ಮೂಡ್ ಮಂಕು. ಇದಕ್ಕೆ ಯಾರಾದ್ರೂ ಕುಣೀತಾರಾ?"

"ನಾನೇ ಕುಣಿದಿದ್ದೀನಲ್ಲ. ನಳಿನೀನ ಕೇಳು" ಎಂದು ಹೆಂಡತಿಯತ್ತ ಕೈ ತೋರಿದರು.

"ಅದು ವೈಯಕ್ತಿಕ ಅನುಭವ ಸರ್. ಸಾಕ್ಷ್ಯ ಅಲ್ಲ."

ಒಂದು ತಿಂಗಳು ವಾದಿಸಿದೆ. ಕೊನೆಗೆ ಅವರು, "ಆಯ್ತಮ್ಮ, ನೀನೇ ಗೆದ್ದೆ. ನಂಗೇ ತಪ್ಪು ನೆನಪಿರ್ಬೇಕು" ಎಂದರು. ಆಮೇಲೆ ಕ್ಯಾಸೆಟ್ ಹಾಕುವುದು ಕಡಿಮೆಯಾಯಿತು. ವಿಜಯೋತ್ಸಾಹದಲ್ಲಿ ನಾನದನ್ನು ಗಮನಿಸಲಿಲ್ಲ.

ಮೇಷ್ಟ್ರು ತೀರಿಕೊಂಡರು. ಅದೇ ವಾರ ಟೇಪ್‌ರೆಕಾರ್ಡರೂ ಕೆಟ್ಟು ನಿಂತಿತು. ಸಭೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಕೇರಳದ ಇರಿಟ್ಟಿಯ ತಂಗಿಯ ಮನೆಗೆ ಹೊರಡಲಿದ್ದ ಅವರ ಹೆಂಡತಿ ನಳಿನಿ ಟೀಚರ್ ತಮ್ಮ ಮಲಯಾಳಂನಲ್ಲಿ ಮಗಳೇ ಎಂದು ಕರೆದು ಕೇಳಿದ್ದು ಒಂದೇ: "ಮೋಳೇ, ಆ ಟ್ಯೂನ್ ಒಮ್ಮೆ ಕೇಳಿ ಹೋಗ್ತೇನೆ."

ಕ್ಯಾಸೆಟ್ ಡೆಕ್ ಇದ್ದದ್ದು ಪೊನ್ನಂಪೇಟೆಯ ಹಮೀದಣ್ಣನ ಬಳಿ ಮಾತ್ರ. ಅವನು ಮದುವೆಮನೆಯ ಹಾಗೆ ಡಬಡಬ ಬಾರಿಸಿಬಿಟ್ಟಾನೆಂದು ಮುಂಜಾಗ್ರತೆಯಾಗಿ ಮೆಸೇಜ್ ಕಳಿಸಿದೆ: "ಟೆಂಪೋ ತುಂಬಾ ನಿಧಾನ. ಕೀ ಮೈನರ್. ಮೂಡ್ ಮಂಕು. ಹನ್ನೊಂದಕ್ಕೆ ಸಭೆ. ಅದಕ್ಕೆ ತಕ್ಕ ಹಾಗೆ ನೋಡಿಕೊಳ್ಳಿ." ಹೆಬ್ಬೆರಳಿನ ಚಿತ್ರ ಬಂತು. ನಿಶ್ಚಿಂತಳಾದೆ.

ಹನ್ನೊಂದಾಯಿತು. ಹನ್ನೆರಡಾಯಿತು. ಹಮೀದಣ್ಣನ ಫೋನ್ ಸ್ವಿಚ್ ಆಫ್. ಸಭೆಯನ್ನು ಹಿಡಿದಿಡಲು ನಾನೇ ಎದ್ದು ನಿಂತು ಟ್ಯೂನಿನ ಗತಿ, ಶ್ರುತಿ, ಭಾವಗಳ ಕುರಿತು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಟೀಚರ್ ಪೂರ್ತಿ ಕೇಳಿಸಿಕೊಂಡರು.

"ಇಷ್ಟೆಲ್ಲ ಗೊತ್ತುಂಟಲ್ಲ ಮೋಳೇ, ಎರಡು ಸಾಲು ಗುನುಗ್ತೀಯಾ?"

ಬಾಯಿ ತೆರೆದೆ. ಏನೂ ಬರಲಿಲ್ಲ. ಆ ಟ್ಯೂನನ್ನು ಅಳೆದಿದ್ದೆ, ಕೇಳಿಯೇ ಇರಲಿಲ್ಲ. ಟೀಚರ್ ನನ್ನ ಕೆನ್ನೆ ಸವರಿ ಬಸ್ಸು ಹತ್ತಲು ಹೋದರು.

ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವಾಗ ಹಮೀದಣ್ಣನ ಟೆಂಪೋ ಗಾಡಿ ಮೆರವಣಿಗೆಯ ಗಾಂಭೀರ್ಯದಲ್ಲಿ ಸಭಾಭವನದ ಅಂಗಳಕ್ಕೆ ಬಂತು.

"ಹನ್ನೊಂದಕ್ಕೆ ಅಂದಿದ್ನಲ್ಲ ಅಣ್ಣ!"

"ನೀವೇ ಅಲ್ವಾ ಟೆಂಪೋ ನಿಧಾನ ಅಂತ ಬರೆದದ್ದು? ಪೊನ್ನಂಪೇಟೆಯಿಂದ ಎರಡನೇ ಗೇರಲ್ಲೇ ಬಂದೆ. ಹಿಂದಿನ ಗಾಡಿಯವ್ರೆಲ್ಲ ಬೈದ್ರು. ಮೂಡ್ ಮಂಕು ಅಂದ್ರಲ್ಲ, ಅದಕ್ಕೆ ಹಾರನ್ನೂ ಹೊಡೀಲಿಲ್ಲ, ಫೋನೂ ಆಫ್. ಆದ್ರೆ ಮೈನರ್ ಕೈಗೆ ಕೀ ಕೊಡಕ್ಕಾಗಲ್ಲಕ್ಕ. ಪೊಲೀಸ್ ಹಿಡೀತಾರೆ. ಅದಕ್ಕೆ ನಾನೇ ಓಡಿಸಿದೆ."

ಸಂತಾಪವನ್ನು ಇಷ್ಟು ಅಕ್ಷರಶಃ ಪಾಲಿಸಿದವರು ಆ ದಿನ ಬೇರೊಬ್ಬರಿರಲಿಲ್ಲ.

ಬಂದದ್ದಕ್ಕೆ ಒಮ್ಮೆ ಹಾಕಿಬಿಡೋಣವೆಂದು ನನ್ನ ಕೈಯಲ್ಲಿದ್ದ ಕ್ಯಾಸೆಟ್ಟನ್ನು ಡೆಕ್ಕಿಗೆ ತುರುಕಿದ. ಖಾಲಿ ಹಾಲಿನಲ್ಲಿ ಟ್ಯೂನ್ ಹೊರಟಿತು. ಚುರುಕಾಗಿ, ಜಿಗಿಯುತ್ತ. ಹಮೀದಣ್ಣನ ಕಾಲು ತಾನಾಗಿ ತಾಳ ಹಾಕತೊಡಗಿತು.

"ಇದಲ್ಲ. ನಿಮ್ಮ ಡೆಕ್ ಜಾಸ್ತಿ ಓಡ್ತಿದೆ" ಎಂದೆ, ಅಭ್ಯಾಸಬಲದಿಂದ.

"ನನ್ನದು ಸರಿಯಾಗಿಯೇ ಓಡ್ತದಕ್ಕ. ಮೇಷ್ಟ್ರ ಮನೇದು ಬೆಲ್ಟ್ ಸಡಿಲ. ಹಾಗಾದ್ರೆ ಟೇಪ್ ಎಳೀತದೆ, ದನಿ ಇಳೀತದೆ. ಯಾವ ಟ್ಯೂನೂ ಅಳೋ ಹಾಗೇ ಕೇಳ್ತದೆ."

ಕೀ ಮೈನರೇ ಇತ್ತು, ಒಂದು ಮೆಟ್ಟಿಲು ಮೇಲೆ. ಉಳಿದೆರಡು ಅಂಶಗಳನ್ನು ನಾನು ಮಂಡಿಸಿದ್ದು ಟ್ಯೂನಿನ ಬಗ್ಗೆ ಅಲ್ಲ, ಒಂದು ರಬ್ಬರ್ ಬೆಲ್ಟಿನ ಬಗ್ಗೆ. ಅವುಗಳಿಂದಲೇ ಒಬ್ಬ ಮನುಷ್ಯನ ಸಂಜೆಗಳನ್ನು ಗೆದ್ದುಕೊಂಡಿದ್ದೆ.

ಟ್ಯೂನನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಟೀಚರಿಗೆ ಕಳಿಸಿದೆ. ಜೊತೆಗೊಂದು ಪ್ರಶ್ನೆ. ಬಸ್ಸು ದಾರಿಯ ಮಾಕುಟ್ಟದ ಕಾಡು ದಾಟಿ ಸಿಗ್ನಲ್ ಸಿಕ್ಕ ಮೇಲೆ ಎರಡು ನೀಲಿ ಟಿಕ್ ಬಿದ್ದವು. ಉತ್ತರ ಇನ್ನೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಟೀಚರ್, ತಪ್ಪು ನೆನಪಿರ್ಬೇಕು ಅಂದ್ರಲ್ಲ ಮೇಷ್ಟ್ರು, ಅದನ್ನ ಅವರು ನಿಜ ಅಂತಲೇ ನಂಬಿಬಿಟ್ಟಿದ್ರಾ?"