ಎಂಜಲಿನ ಮಹಿಮೆ

ಜೀವಶಾಸ್ತ್ರವನ್ನು ನನ್ನಷ್ಟು ಸುಲಭವಾಗಿ ಕಲಿಸುವವರು ಮೈಸೂರಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವದು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾನು ಕಾಲೇಜೊಂದರಲ್ಲಿ ಹಂಗಾಮಿ ಅಧ್ಯಾಪಕ. ಒಂದು ಸೋಮವಾರ ಪ್ರಿನ್ಸಿಪಾಲರು ನನ್ನನ್ನು ಕರೆದು, "ಗುರುವಾರ ನಿಮ್ಮ ಕ್ಲಾಸಿಗೆ ವಿಶ್ವವಿದ್ಯಾನಿಲಯದಿಂದ ಹಿರಿಯ ಪ್ರೊಫೆಸರೊಬ್ಬರು ಬರ್ತಾರೆ. ಅವರು ಒಪ್ಪಿದರೆ ನಿಮ್ಮ ಕೆಲಸ ಕಾಯಂ," ಎಂದರು.

"ಒಪ್ಪೋದೇನು ಸಾರ್, ಚಪ್ಪಾಳೆ ತಟ್ಟಿಸ್ತೀನಿ!" ಎಂದೆ.

ನಾನು ಆರಿಸಿಕೊಂಡ ಪ್ರಯೋಗ ಬಲು ಸರಳ. ಗಂಜಿಯಲ್ಲಿ ಪಿಷ್ಟವಿದೆ, ಅಯೋಡಿನ್ ಹಾಕಿದರೆ ನೀಲಿಯಾಗುತ್ತದೆ. ಅದೇ ಗಂಜಿಗೆ ಮೊದಲು ಎಂಜಲು ಬೆರೆಸಿ ಸ್ವಲ್ಪ ಹೊತ್ತು ಬೆಚ್ಚಗಿಟ್ಟರೆ, ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡಿಬಿಡುತ್ತದೆ. ಆಮೇಲೆ ಅಯೋಡಿನ್ ಹಾಕಿದರೂ ನೀಲಿ ಬರುವುದಿಲ್ಲ. ಜೀರ್ಣಕ್ರಿಯೆ ಕಣ್ಣೆದುರೇ!

ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ತಾಲೀಮು ನಡೆಯಿತು. ನನ್ನ ಹೆಂಡತಿ ಪುಟ್ಟಮ್ಮ ಅನ್ನ ಬಸಿದ ಗಂಜಿಯನ್ನು ಒಂದು ಲೋಟದಲ್ಲಿ ಕೊಟ್ಟಳು. ಅದು ಆರಿದ ಮೇಲೆ ನಾನು ಶಾಸ್ತ್ರೋಕ್ತವಾಗಿ ಅದರೊಳಗೆ ಉಗಿದೆ.

"ಅಯ್ಯಯ್ಯೋ! ಅನ್ನದ ಗಂಜಿಗೆ ಉಗೀತೀರಲ್ರೀ! ಅಷ್ಟೆಲ್ಲ ಓದಿ ಇದಾ ಕಲ್ತಿರೋದು?"

"ಉಗುಳಲ್ಲ ಕಣೇ, ಲಾಲಾರಸ!"

"ಯಾವ ರಸ ಆದ್ರೂ ಆಗ್ಲಿ, ಆ ಲೋಟ ಅಡಿಗೆಮನೆಗೆ ತರ್ಬ್ಯಾಡಿ. ಅಂಗೇ ಕಾಲೇಜ್ಗೆ ತಗೊಂಡೋಗ್ಬುಡಿ!"

ಪ್ರಯೋಗ ಗೆದ್ದಿತು. ಲೋಟ ಹೋಯಿತು.

ಗುರುವಾರ ಬಂತು. ಮುಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರು. ಪಕ್ಕದಲ್ಲಿ ಬಿಳಿ ರುಮಾಲಿನ ಪ್ರೊಫೆಸರು. ಮೊದಲ ಟ್ಯೂಬಿನಲ್ಲಿ ಬರೀ ಗಂಜಿ. ಅಯೋಡಿನ್ ಹಾಕಿದೆ, ಕಡುನೀಲಿ! "ಈಗ ನೋಡಿ," ಎಂದು ಎರಡನೆಯ ಟ್ಯೂಬನ್ನು ಬಾಯಿಯ ಹತ್ತಿರ ತಂದೆ.

ಬಾಯಿ ಒಣಗಿ ಒರಟಾಗಿತ್ತು! ನಾಲಿಗೆಯನ್ನು ಅತ್ತ ಇತ್ತ ಹೊರಳಿಸಿದೆ. ಕೆನ್ನೆ ಚೀಪಿದೆ. ಒಂದು ತೊಟ್ಟೂ ಇಲ್ಲ. ಇಡೀ ತರಗತಿ ನನ್ನ ಬಾಯನ್ನೇ ನೋಡುತ್ತಿತ್ತು. ಪ್ರೊಫೆಸರು ಕನ್ನಡಕ ಒರೆಸಿ ಹಾಕಿಕೊಂಡು ಇನ್ನಷ್ಟು ಚೆನ್ನಾಗಿ ನೋಡಿದರು.

ಸ್ಟೆಲ್ಲಾ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು. "ಸಾರ್, ನನ್ನ ಹತ್ರ ಉಪ್ಪು ಹಚ್ಚಿದ ನೆಲ್ಲಿಕಾಯಿ ಇದೆ ಸಾರ್."

ತರಗತಿಯಲ್ಲಿ ತಿಂಡಿ ತರಬಾರದೆಂದು ನಾನೇ ಮಾಡಿದ್ದ ನಿಯಮವನ್ನು ನಾನೇ ರದ್ದು ಮಾಡಿ ಒಂದು ಕಚ್ಚಿದೆ. ಬಂತು ನೋಡಿ, ಕನ್ನಂಬಾಡಿ ಕಟ್ಟೆಯ ತೂಬು ಎತ್ತಿದ ಹಾಗೆ!

ಇಷ್ಟರಲ್ಲಿ ಪ್ರಿನ್ಸಿಪಾಲರು ಗಡಿಯಾರ ನೋಡಿದರು. ಬೆಚ್ಚಗಿನ ನೀರಿನಲ್ಲಿ ಕಾಯುತ್ತ ಕೂರಲು ಸಮಯವೆಲ್ಲಿ? ನನ್ನ ಮೆದುಳು ಮಿಂಚಿತು. ಬೆಚ್ಚಗಿದ್ದರೆ ಬೇಗ ಆಗುವ ಕೆಲಸ ಬಿಸಿಯಲ್ಲಿ ಇನ್ನೂ ಬೇಗ ಆಗಲೇಬೇಕಲ್ಲ! ಗಂಜಿ, ಎಂಜಲು ಎರಡನ್ನೂ ಸೇರಿಸಿ ಸ್ಪಿರಿಟ್ ದೀಪದ ಮೇಲೆ ಕೊತಕೊತ ಕುದಿಸಿದೆ. ಆ ಹಬೆಯಾಡುವ ಟ್ಯೂಬಿಗೆ ಅಯೋಡಿನ್ ಬಿಟ್ಟೆ.

ನೀಲಿ ಬರಲಿಲ್ಲ!

ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರೂ ತಟ್ಟಿದರು. ನಾನು ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟು, ಅದಕ್ಕೆ ಬೆನ್ನು ಮಾಡಿ ನಿಂತು ಭಾಷಣ ಆರಂಭಿಸಿದೆ. "ಪ್ರಕೃತಿಯ ನಿಯಮ ಅಚಲ! ಜೀರ್ಣವಾದ ಗಂಜಿ ಮತ್ತೆ ಗಂಜಿ ಆಗೋದುಂಟೆ? ಮೊಸರು ಮತ್ತೆ ಹಾಲಾಗುತ್ತದೆಯೇ?"

"ಸಾರ್..." ಎಂದಳು ಸ್ಟೆಲ್ಲಾ.

"ಪ್ರಶ್ನೆ ಆಮೇಲೆ!"

"ಪ್ರಶ್ನೆ ಅಲ್ಲ ಸಾರ್. ಗಂಜಿ ವಾಪಸ್ ಬರ್ತಾ ಇದೆ."

ತಿರುಗಿ ನೋಡಿದೆ. ಟ್ಯೂಬು ತಣ್ಣಗಾಗುತ್ತಿತ್ತು. ತಳದಿಂದ ನಿಧಾನವಾಗಿ, ಯಾವ ಸಂಕೋಚವೂ ಇಲ್ಲದೆ, ನೀಲಿ ಮೇಲೇರುತ್ತಿತ್ತು. ನಾನು ಅದನ್ನು ಕೈಯಿಂದ ಮರೆ ಮಾಡಲು ಹೋದೆ. ಅಯೋಡಿನ್ ಬಾಟಲಿ ಉರುಳಿ ಪ್ರಿನ್ಸಿಪಾಲರ ಬಿಳಿ ಪಂಚೆಯ ಮೇಲೆ ಹರಿಯಿತು. ಆ ಪಂಚೆಗೆ ಅವರ ಮನೆಯಲ್ಲಿ ಧಾರಾಳವಾಗಿ ಗಂಜಿ ಹಾಕಿದ್ದರು. ಅದೂ ನೀಲಿಯಾಯಿತು! ಆ ದಿನ ನಿಯಮ ತಪ್ಪದೆ ನಡೆದ ಪ್ರಯೋಗವೆಂದರೆ ಅದೇ.

ತರಗತಿ ನಕ್ಕು ಸುಸ್ತಾದ ಮೇಲೆ ಪ್ರೊಫೆಸರು ಎದ್ದರು. "ಕುದಿಸಿದ್ರೆ ಕಿಣ್ವ ಕೆಟ್ಟುಹೋಗುತ್ತೆ. ಬಿಸಿ ಇರೋವಾಗ ನೀಲಿ ಕಾಣೋದೂ ಇಲ್ಲ. ಎರಡು ತಪ್ಪು ಸೇರಿಸಿ ಸರಿ ಉತ್ತರ ತಂದಿದ್ರಿ. ಅದು ಸಣ್ಣ ಸಾಧನೆ ಅಲ್ಲ ಕಣ್ರೀ!" ಎಂದು ಬೆನ್ನು ತಟ್ಟಿ ಹೊರಟರು.

ಮರುದಿನ ಪ್ರಿನ್ಸಿಪಾಲರು ಬೇರೆ ಪಂಚೆಯುಟ್ಟು ನನ್ನನ್ನು ಕರೆಸಿದರು. "ಮಕ್ಕಳು ಈ ಪಾಠವನ್ನ ಜನ್ಮದಲ್ಲಿ ಮರೆಯೋದಿಲ್ಲ ಅಂತ ಪ್ರೊಫೆಸರು ಹೇಳಿದ್ದಾರೆ. ಅದಕ್ಕೇ ನಿಮ್ಮನ್ನ ಕಾಯಂ ಮಾಡ್ತಾ ಇದ್ದೀನಿ. ಆದರೆ ಇನ್ನು ಮುಂದೆ ನೀವು ಗಿಡಮರಗಳ ಪಾಠ ಮಾತ್ರ ಮಾಡಿ. ಅವಕ್ಕೆ ಎಂಜಲಿಲ್ಲ!"

ಮನೆಗೆ ಬಂದು ಗೆದ್ದವನಂತೆ ಪುಟ್ಟಮ್ಮನಿಗೆ ವರದಿ ಒಪ್ಪಿಸಿದೆ. "ಇನ್ನೇನು ಭಯವಿಲ್ಲ ಕಣೇ. ಗಿಡಗಳ ಪಾಠ ಅಂದರೆ ಸುಲಭ. ಅವು ಬಾಯಿ ಬಿಡೋದೇ ಇಲ್ಲವಲ್ಲ!"

"ಅವು ಬುಟ್ರೂ ಪರವಾಗಿಲ್ಲ ಕಣ್ರೀ," ಎಂದಳು ಆಕೆ, ಮುದ್ದೆ ಬಡಿಸುತ್ತ. "ನೀವು ಬಾಯಿ ಬುಡ್ದೇ ಇದ್ರೆ ಸಾಕು."

ತಕ್ಕ ಉತ್ತರ ಕೊಡಲು ಹೊರಟವನು ಉಗುಳು ನುಂಗಿಕೊಂಡು ಊಟಕ್ಕೆ ಕುಳಿತೆ.