ಯಾಕೂಬನ ಮಧ್ಯಾಹ್ನದ ನಮಾಜು

ಎಲ್ಲ ಶುರುವಾದದ್ದು ಒಂದು ಅರ್ಧ ಗಂಟೆಯಿಂದ.

ಕುಂದಾಪುರ ಪೇಟೆಯ ಮೋಹಿನಿಯಕ್ಕನ ಸೀರೆ ಅಂಗಡಿಗೆ ಯಾಕೂಬ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಸೇರಿದ ದಿನವೇ, "ಮಧ್ಯಾಹ್ನ ನಮಾಜಿಗೆ ಅರ್ಧ ಗಂಟೆ ಬಿಡ್ಕ್ ಅಕ್ಕ" ಎಂದು ಕೇಳಿಕೊಂಡಿದ್ದ. "ದೇವ್ರ ಕೆಲ್ಸಕ್ಕೆ ಬ್ಯಾಡ ಅಂಬುಕಾತ್ತಾ? ಹೋಯ್ ಬಾ" ಎಂದಿದ್ದಳು ಅವಳು.

ಮೊದಲ ವಾರ ಯಾಕೂಬ ನಿಯತ್ತಾಗಿ ಮಸೀದಿಗೆ ಹೋದ. ಎರಡನೆಯ ವಾರ, ಮಸೀದಿಯ ದಾರಿಯಲ್ಲಿದ್ದ ಹೋಟೆಲಿನಲ್ಲಿ ಗೋಳಿಬಜೆ ಕರಿಯುವ ವಾಸನೆ ಅವನ ಮೂಗು ಹಿಡಿದು ಒಳಗೆ ಎಳೆಯಿತು. ನಾಳೆ ಹೋದರಾಯಿತು ಎಂದುಕೊಂಡ. ಆ ನಾಳೆ ಬರಲೇ ಇಲ್ಲ. ಶುಕ್ರವಾರದ ಜುಮ್ಮಾ ನಮಾಜು ಒಂದನ್ನು ಮಾತ್ರ ಅವನು ತಪ್ಪಿಸುತ್ತಿರಲಿಲ್ಲ; ಆ ದಿನದ ಗುಂಪಿನಲ್ಲಿ ಅವನ ಮುಖವನ್ನು ಯಾರೂ ಗಮನಿಸುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಒಂದು ಪ್ಲೇಟು ಗೋಳಿಬಜೆ, ಎರಡು ಚಾ ಮುಗಿಸಿ, ಮುಖ ತೊಳೆದು ಅಂಗಡಿಗೆ ಮರಳುತ್ತಿದ್ದ. ಹೊಟ್ಟೆ ತುಂಬಿದವನ ಮುಖ ನೋಡಿ ಸೀರೆ ಮಡಚುವ ಪ್ರಭಾವತಿ, "ನಮಾಜ್ ಮಾಡಿ ಬಂದವ್ರ್ ಮುಖದಗೆ ಎಂಥಾ ಶಾಂತಿ ಕಾಣಿ!" ಎನ್ನುತ್ತಿದ್ದಳು.

ಆ ಮಂಗಳವಾರ ಹನ್ನೆರಡು ಗಂಟೆಗೆ ಆಸ್ಪತ್ರೆಯಿಂದ ಮೋಹಿನಿಯಕ್ಕನ ಫೋನು ಬಂತು. ಅವಳ ಮಗಳು ನಿಖಿತಾ ಹೆರಿಗೆಗೆಂದು ಸೇರಿ ಎರಡು ದಿನವಾಗಿತ್ತು. ಬಿಲ್ಲು ಬರೆಯುವ ಉಮಾನಾಥ ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟ.

"ಯಾಕೂಬ, ಡಾಕ್ಟ್ರ್ ಮುಖ ಸಪ್ಪಿ ಮಾಡ್ಕಂಡ್ ಓಡಾಡ್ತಿದ್ರ್. ನಂಗ್ ಕೈಕಾಲೇ ಬತ್ತಿಲ್ಲ. ನೀ ಒಂದ್ ವರ್ಷದಿಂದ ಒಂದ್ ದಿನ ಬಿಡ್ದೆ ನಮಾಜ್ ಮಾಡ್ದವ. ಇವತ್ತ್ ನನ್ ಹೆಣ್ಣಿಗಾಯ್ ಕೇಣ್ ಮಾರಾಯಾ. ನಿನ್ ಮಾತ್ ದೇವ್ರ್ ಕೇಂತ."

ಅತ್ತಲಿಂದ ಬಿಕ್ಕುವ ಸದ್ದು ಬಂತು, ಫೋನು ಕಟ್ಟಾಯಿತು. ಯಾಕೂಬನಿಗೆ ಒಂದು ವರ್ಷದ ಗೋಳಿಬಜೆಗಳೆಲ್ಲ ಒಮ್ಮೆಗೇ ಗಂಟಲಿಗೆ ಬಂದು ನಿಂತಂತಾಯಿತು. ಬೈಂದೂರಿನಲ್ಲಿ ಅವನ ಪುಟ್ಟ ಅಂಗಡಿ ಮುಚ್ಚಿ, ಮೂರು ತಿಂಗಳು ಕೆಲಸವಿಲ್ಲದೆ ತಿರುಗುತ್ತಿದ್ದಾಗ ಹಿಂದೆಮುಂದೆ ಕೇಳದೆ ಕೆಲಸ ಕೊಟ್ಟವಳು ಇವಳು.

"ನಾ ಈಗ್ಳೇ ಹೋತೆ" ಎಂದು ಅವನು ಎದ್ದ.

"ನಡ್ಕಂಡ್ ಎಂತಕ್ಕೆ? ನಾ ಸ್ಕೂಟರಗೆ ಬಿಡ್ತೆ" ಎಂದು ಉಮಾನಾಥನೂ ಎದ್ದ.

"ಬ್ಯಾಡ ಬ್ಯಾಡ, ನಂಗ್ ನಡ್ದೇ ಅಭ್ಯಾಸ."

"ಇವತ್ತ್ ಅರ್ಜೆಂಟ್ ಮರ್ರೆ!"

ಅಷ್ಟರಲ್ಲಿ ಪ್ರಭಾವತಿ ಬಿಲ್ಲಿನ ಹಾಳೆಯೊಂದನ್ನು ಹರಿದು ಅದರ ಬೆನ್ನಿಗೆ ಏನೋ ಗೀಚಿ ತಂದಳು. "ಹ್ಯಾಂಗೂ ಹೋತ್ರಿ. ನನ್ ಮೊಣಗಂಟ್ ನೋವಿಂದೂ ಒಂಚೂರ್ ಹೇಳಿ. ಎಡದ್ದ್. ಬಲದ್ದ್ ಅಂದ್ ತಪ್ಪಿ ಹೇಳ್ಬೇಡಿ." ಪಕ್ಕದ ಪಾತ್ರೆ ಅಂಗಡಿಯ ಗುಲಾಬಿಯಮ್ಮ ಓಡಿಬಂದು ಕಳೆದುಹೋದ ತನ್ನ ಬೆಕ್ಕಿನ ಹೆಸರನ್ನೂ ಅದೇ ಚೀಟಿಗೆ ಸೇರಿಸಿದಳು. ಸ್ಕೂಟರು ಹೊರಡುವಾಗ ಉಮಾನಾಥ ಮೆಲ್ಲಗೆ, "ನಂದೂ ಒಂದ್ ಇತ್ತ್. ಮನಿ ಬಾವಿಯಗೆ ನೀರಿಲ್ಲ" ಎಂದ.

ಸ್ಕೂಟರು ಹೋಟೆಲಿನ ಎದುರು ಹಾದುಹೋಯಿತು. ಅಭ್ಯಾಸಬಲದಿಂದ ಯಾಕೂಬನ ಎಡಗಾಲು ಇಳಿಯಲು ಹೊರಟಿತು. "ಎಂತ ಆಯ್ತ್?" ಎಂದ ಉಮಾನಾಥ. "ಕಾಲ್ ಜೋಮ್ ಹಿಡಿತ್" ಎಂದ ಯಾಕೂಬ.

ಮಸೀದಿಯ ಗೇಟಿನ ಬಳಿ ಉಮಾನಾಥ ಭಕ್ತಿಯಿಂದ ಚಪ್ಪಲಿ ಕಳಚಿದ, ಫೋನನ್ನೂ ಪೂರ್ತಿ ಬಂದ್ ಮಾಡಿ ಕಿಸೆಗಿಟ್ಟ. ಆಮೇಲೆ, ಕಾದ ಕಾವಲಿಗೆ ಬಿದ್ದ ನೀರ ಹನಿಯ ಹಾಗೆ ಆ ಬಿಸಿ ನೆಲದ ಮೇಲೆ ಒಂದೊಂದೇ ಕಾಲೆತ್ತಿ ಕುಣಿಯತೊಡಗಿದ.

ಬಾಂಗ್ ಕೂಗಿ ನಮಾಜಿಗೆ ಕರೆಯುವ ಮುದುಕರು ನಲ್ಲಿಯ ಹತ್ತಿರ ಕುಳಿತಿದ್ದರು. ಯಾಕೂಬನ ಸಲಾಮಿಗೆ ಪ್ರತಿಯಾಗಿ ಸಲಾಮು ಹೇಳಿ, "ಪ್ರಯಾಣದವ್ರಾ? ಯಾವೂರ್ ಆಯ್ತ್?" ಎಂದು ಕೇಳಿದರು.

ಗೇಟಿನಿಂದ ಉಮಾನಾಥನ ದನಿ ಬಂತು: "ಹ್ವಾಯ್! ಅವ್ರ್ ಹೊಸಬ್ರಲ್ಲ! ದಿನಾ ಇಲ್ಲಿಗೇ ಬಪ್ಪವ್ರ್!"

ಯಾಕೂಬ ತಲೆ ತಗ್ಗಿಸಿದ. ಮುದುಕರು ಒಮ್ಮೆ ಅವನನ್ನು ನೋಡಿದರು, ಒಮ್ಮೆ ಕುಣಿಯುತ್ತಿದ್ದ ಉಮಾನಾಥನನ್ನು ನೋಡಿದರು. ಆಮೇಲೆ ಗಟ್ಟಿಯಾಗಿ, "ಹೌದ್ ಹೌದ್, ನನ್ ಕಣ್ಣ್ ಈಗೀಗ ಸಮ ಕಾಂತಿಲ್ಲೆ" ಎಂದರು. ಅವರು ಬೈದಿದ್ದರೆ ಯಾಕೂಬ ಹೇಗೋ ತಡೆದುಕೊಳ್ಳುತ್ತಿದ್ದ. ಮರ್ಯಾದೆ ಮುಚ್ಚಿದ ಆ ಸುಳ್ಳಿಗೆ ಅವನ ಕಣ್ಣು ತುಂಬಿತು.

"ಅಜ್ಜ, ಇಷ್ಟ್ ಸಮಯ ಬಾರದವ ಇವತ್ತ್ ಕೇಂಬುಕೆ ಮಾತ್ರ ಬಂದ್ರೆ..." ಎಂದು ಪಿಸುಗುಟ್ಟಿದ.

"ಬಂದ್ಯಲ್ಲ" ಎಂದರು ಮುದುಕರು. "ತಡ ಆಯ್ತ್ ಅಂದೇಳಿ ಆ ಬಾಗ್ಲ್ ಯಾರಿಗೂ ಮುಚ್ಚುದಿಲ್ಲೆ. ಕೈಕಾಲ್ ತೊಳಿ."

ಒಂದು ಗಂಟೆಗೆ ಸಾಲು ಕಟ್ಟಿತು. ಯಾಕೂಬನ ಭುಜಕ್ಕೆ ಒಂದು ಕಡೆ ಮೀನು ಮಾರುವವನ ಭುಜ, ಇನ್ನೊಂದು ಕಡೆ ಯಾರೋ ಇಸ್ತ್ರಿ ಅಂಗಿಯವರ ಭುಜ ತಾಗಿತು. ನಿಂತ, ಬಾಗಿದ, ಹಣೆಯನ್ನು ಚಾಪೆಗೆ ಹಚ್ಚಿದ. ಕೇಳಬೇಕಾದದ್ದನ್ನೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಆದರೆ ಹಣೆ ನೆಲಕ್ಕೆ ತಾಗಿದ್ದೇ ಬೇರೇನೇನೋ ನೆನಪಾಯಿತು. ಕೆಲಸ ಸಿಕ್ಕಿದ ದಿನ ಹೆಂಡತಿ ನಕ್ಕದ್ದು. ಮಗಳಿಗೆ ಜ್ವರ ಬಂದಾಗ ಮೋಹಿನಿಯಕ್ಕ ಕೇಳದೆಯೇ ರಜೆ ಕೊಟ್ಟದ್ದು. ತಾನು ಒಂದು ದಿನವೂ ಅದಕ್ಕೆಲ್ಲ ಒಂದು ಮಾತು ಹೇಳದಿದ್ದರೂ ಬೆಳಿಗ್ಗೆ ಎದ್ದಾಗ ಉಸಿರು ಸರಿಯಾಗಿಯೇ ಆಡುತ್ತಿದ್ದದ್ದು. ಎಷ್ಟೋ ದಿನ ಹೊತ್ತ ಮೂಟೆಯೊಂದನ್ನು ಯಾರೋ ಬೆನ್ನಿನಿಂದ ಇಳಿಸಿದಂತಾಯಿತು. ನಮಾಜು ಮುಗಿದ ಮೇಲೆ ಕೈಯೆತ್ತಿ ನಿಖಿತಾಳಿಗಾಗಿ ಬೇಡಿದ. ಚೀಟಿ ತೆಗೆದು ಮೊಣಗಂಟು, ಬೆಕ್ಕು, ಚೀಟಿಯಲ್ಲಿಲ್ಲದ ಬಾವಿ, ಒಂದನ್ನೂ ಬಿಡದೆ ಒಪ್ಪಿಸಿದ. ಎಡದ ಮೊಣಗಂಟು ಎಂದು ಎರಡು ಸಲ ಹೇಳಿದ.

ಹೊರಗೆ ಬಂದಾಗ ಉಮಾನಾಥ ಫೋನು ಚಾಲೂ ಮಾಡುತ್ತಿದ್ದ. ಚಾಲೂ ಆದ ಕೂಡಲೇ ಅದು ಕೂಗಿಕೊಂಡಿತು.

"ಎಲ್ಲಿ ಸತ್ತ್ ಹೋಯಿದ್ರಿ ಇಬ್ರೂ?" ಮೋಹಿನಿಯಕ್ಕ ಅಳುತ್ತ ನಗುತ್ತಿದ್ದಳು. "ಹೆಣ್ಣ್ ಶಿಶು! ಆಪರೇಶನ್ನೂ ಬೇಕಾಯಿಲ್ಲ. ತಾಯಿ ಮಗು ಇಬ್ರೂ ಚಂದ ಇದ್ರ್! ಎಲ್ಲ ಯಾಕೂಬನ ನಮಾಜಿಂದ. ಇವತ್ತ್ ಬೇಗ ಅಂಗಡಿ ಬಾಗ್ಲ್ ಹಾಕಿ ಎಲ್ಲರೂ ಬನ್ನಿ!"

ಸುದ್ದಿ ಸ್ಕೂಟರಿಗಿಂತ ಮೊದಲೇ ಪೇಟೆ ತಲುಪಿತ್ತು. ಮಧ್ಯಾಹ್ನವಿಡೀ ಸೀರೆ ಕೊಳ್ಳುವವರಿಗಿಂತ ಚೀಟಿ ಕೊಡುವವರೇ ಹೆಚ್ಚಾಗಿ ಬಂದರು. ಮಗನ ಪರೀಕ್ಷೆ, ಗಂಡನ ಸಿಟ್ಟು, ಹಾಲು ಕೊಡದ ಎಮ್ಮೆ. ಯಾಕೂಬನ ಕಿಸೆ ಅಂಚೆಪೆಟ್ಟಿಗೆಯ ಹಾಗೆ ಉಬ್ಬಿತು. ಒಂದೊಂದು ಚೀಟಿ ಬಿದ್ದಾಗಲೂ ಅವನ ಎದೆ ಒಂದೊಂದು ಸೇರು ಭಾರವಾಯಿತು.

ಮೂರೂವರೆಗೆ ಎಲ್ಲರೂ ಆಸ್ಪತ್ರೆಗೆ ಹೋದರು. ಮೋಹಿನಿಯಕ್ಕ ನರ್ಸುಗಳನ್ನೆಲ್ಲ ಕರೆದು, "ಕಾಣಿ, ನಾ ಹೇಳಿದ್ದ್ ಇವ್ನೇ! ಒಂದ್ ವರ್ಷದಿಂದ ಒಂದ್ ದಿನ ತಪ್ಪಿಸ್ಲಿಲ್ಲ!" ಎಂದಳು. ಪಕ್ಕದ ಹಾಸಿಗೆಯ ಹತ್ತಿರ ಕುಳಿತಿದ್ದ ಮುದುಕಿ ಎದ್ದು ಕೈ ಮುಗಿಯಲು ಹೊರಟಳು. ಯಾಕೂಬನಿಗೆ ಇನ್ನು ತಡೆಯಲಾಗಲಿಲ್ಲ.

"ಅಕ್ಕ, ನಂಗ್ ಕೈ ಮುಗಿಬೇಡಿ. ನಾ ಸುಳ್ಳ್ ಹೇಳಿದ್ದೆ. ಶುಕ್ರವಾರ ಬಿಟ್ರೆ ನಾ ಮಸೀದಿಗೆ ಹೋತಾ ಇರ್ಲಿಲ್ಲ. ಹೋಟ್ಲಿಗೆ ಹೋತಿದ್ದೆ. ಮೊದ್ಲಿನ ವಾರ ಬಿಟ್ರೆ ಹೋದದ್ದ್ ಇವತ್ತೊಂದೇ ದಿನ. ಕೆಲ್ಸದಿಂದ ತೆಗಿತ್ರಿ ಅಂದ್ರೆ ತೆಗಿನಿ."

ಪ್ರಭಾವತಿ ತನ್ನ ಎಡ ಮೊಣಗಂಟನ್ನು ಸಂಶಯದಿಂದ ಮುಟ್ಟಿ ನೋಡಿಕೊಂಡಳು.

ಮೋಹಿನಿಯಕ್ಕ ಅವನತ್ತ ತಿರುಗಿದಳು. "ಇವತ್ತ್ ಎಷ್ಟ್ ಗಂಟೆಗೆ ನಮಾಜ್ ಮಾಡ್ದೆ?"

"ಒಂದ್ ಗಂಟೆಗೆ."

"ಶಿಶು ಹುಟ್ಟದ್ದ್ ಹನ್ನೆರಡೂ ನಲವತ್ತಕ್ಕೆ! ಈ ಉಮಾನಾಥಂಗೆ ಏಳ್ ಸಲ ಫೋನ್ ಮಾಡ್ದೆ."

ಯಾಕೂಬನಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಇದರಲ್ಲಿ ತನ್ನದೇನೂ ಇಲ್ಲ! ಕಿಸೆಯ ಚೀಟಿಗಳನ್ನೂ ವಾಪಸು ಕೊಡಬಹುದು. "ಕಾಣಿ ಅಕ್ಕ, ನಾ ಕೇಂಬುಕ್ ಮುಂಚೆಯೇ ಆಯ್ತ್. ನನ್ ನಮಾಜಿಗೂ ಇದ್ಕೂ..."

"ಅದೇ ನಾನೂ ಹೇಳುದ್" ಎಂದಳು ಮೋಹಿನಿಯಕ್ಕ. ಅವಳ ಕಣ್ಣು ತೇವವಾಗಿತ್ತು. "ಕೇಂಡ್ ಸಿಕ್ಕಿದ್ರೆ ಒಂದ್ ಸಲ ಉಪಕಾರ ಹೇಳಿದ್ರೆ ಮುಗಿತಿತ್ತ್. ಕೇಣ್ದೇ ಕೊಟ್ಟ ದೇವ್ರಿಗೆ ಒಂದ್ ಸಲ ಹೇಳಿದ್ರೆ ಸಾಕಾತ್ತಾ? ನಾ ನಮ್ ದೇವಸ್ಥಾನದಗೆ ಹೇಳ್ತೆ. ನೀ ನಿಮ್ಮಲ್ಲಿ ಹೇಳ್. ಕೆಲ್ಸದಿಂದ ತೆಗಿದಿಲ್ಲ. ಅರ್ಧ ಗಂಟೆಯೂ ತೆಗಿದಿಲ್ಲ. ಆದ್ರೆ ಇನ್ಮೇಲೆ ಉಮಾನಾಥ ಸ್ಕೂಟರಗೆ ಬಿಟ್ಟ್, ಗೇಟಿನ್ ಹತ್ರ ನಿಂತ್, ಕರ್ಕಂಡ್ ಬತ್ತ."

"ನಾನಾ?" ಎಂದ ಉಮಾನಾಥ, ಸುಟ್ಟ ಪಾದ ನೋಡಿಕೊಳ್ಳುತ್ತ.

"ಆಯ್ತಕ್ಕ" ಎಂದ ಯಾಕೂಬ. ಮಧ್ಯಾಹ್ನದ್ದೊಂದು ತಾನೆ, ಹೇಗೋ ಆಗುತ್ತದೆ ಎನಿಸಿತು. ನಿಜ ಹೇಳಬೇಕೆಂದರೆ ಒಳಗೊಳಗೆ ಸಂತೋಷವೇ ಆಗಿತ್ತು.

ಆಗ ಕಿಟಕಿಯಾಚೆಯಿಂದ ಮುಂದಿನ ಹೊತ್ತಿನ ನಮಾಜಿನ ಬಾಂಗ್ ಕೇಳಿಬಂತು. ಮೋಹಿನಿಯಕ್ಕ ಕಿವಿಗೊಟ್ಟಳು.

"ಹೌದಾ ಯಾಕೂಬ, ದಿನಕ್ಕೆ ಐದ್ ಹೊತ್ತ್ ಅಂಬ್ರಲ್ಲ? ನಿಂಗೆ ಒಂದೇ ಎಂತಕ್ಕೆ?"

ಸುಳ್ಳು ಹೇಳುವ ಬಾಯಿಯನ್ನು ಅವನು ಈಗಷ್ಟೇ ಮುಚ್ಚಿದ್ದ. "ನಂಗೂ ಐದೇ ಅಕ್ಕ" ಎಂದ ಮೆಲ್ಲಗೆ.

"ಬೆಳಿಗ್ಗೆದ್?"

"ಅದ್ ಬೈಂದೂರಗೆ, ಮನಿ ಹತ್ರ. ಸೂರ್ಯ ಹುಟ್ಟುಕ್ ಮುಂಚೆ."

"ಅದ್ಕೆ ನಿನ್ ಹೆಂಡ್ತಿಗೆ ನಾ ಫೋನ್ ಮಾಡ್ತೆ" ಎಂದು ಮೋಹಿನಿಯಕ್ಕ ಮೊಮ್ಮಗಳನ್ನು ಎತ್ತಿಕೊಂಡಳು. "ಉಮಾನಾಥ, ಸ್ಕೂಟರ್ ತೆಗಿ."