ಒಂದು ಕಣ್ಣು ಮುಚ್ಚಿ

ಬೆಳಿಗ್ಗೆ ಒಂಬತ್ತೂವರೆಗೆ ಮುದ್ರಣಾಲಯದ ಬೋರ್ಡಿನ ಮೇಲೆ ಒಂದು ನೋಟೀಸು ಕಾಣಿಸಿಕೊಂಡಿತು. 'ಕರಡು ತಿದ್ದುವವರೆಲ್ಲರೂ ಇಂದು ಸಂಜೆ ಐದರೊಳಗೆ ಕಣ್ಣಿನ ಡಾಕ್ಟರಿಂದ ದೃಷ್ಟಿ ಪ್ರಮಾಣಪತ್ರ ತಂದು ಒಪ್ಪಿಸತಕ್ಕದ್ದು.' ಯಾಕೆ ಎಂದು ಬರೆದಿರಲಿಲ್ಲ.

"ಯಾಕೆ ಅಂದ್ರೆ? ಆಳು ಕಡಿಮೆ ಮಾಡ್ತಾರೆ ಅಷ್ಟೆ," ಎಂದ ಪುಸ್ತಕ ಹೊಲಿಯುವವನು, ಸೂಜಿಗೆ ದಾರ ಪೋಣಿಸುತ್ತಾ. ಕರಡು ತಿದ್ದುವ ಕೊಂಬಣ್ಣ ನೋಟೀಸನ್ನು ಇನ್ನೊಮ್ಮೆ ಓದಿದ.

ಕೊಂಬಣ್ಣ ಅವನ ನಿಜವಾದ ಹೆಸರಲ್ಲ. ಹತ್ತೊಂಬತ್ತು ವರ್ಷ ಒಂದೇ ಮೇಜಿಗೆ ಅಂಟಿಕೊಂಡು, ಬಿಟ್ಟುಹೋದ ಕೊಂಬು, ಜಾರಿದ ಒತ್ತಕ್ಷರ, ಕಾಣೆಯಾದ ಸೊನ್ನೆಗಳನ್ನು ಹೇನು ಹೆಕ್ಕುವ ಹಾಗೆ ಹೆಕ್ಕಿ ಸಂಪಾದಿಸಿದ ಬಿರುದು. ಅಂಥವನಿಗೆ ಪ್ರಮಾಣಪತ್ರದ ಭಯ ಯಾಕೆ ಎಂದರೆ, ಹುಟ್ಟಿನಿಂದಲೇ ಅವನ ಕಣ್ಣುಗಳದ್ದು ಒಂದು ವಿಚಿತ್ರ ಸ್ವಭಾವ. ಎರಡೂ ತೆರೆದಿದ್ದರೆ ಹದ್ದಿನ ದೃಷ್ಟಿ. ಒಂದನ್ನು ಮುಚ್ಚಿದರೆ ಸಾಕು, ಇನ್ನೊಂದು ಸಂತೆಯಲ್ಲಿ ತಾಯಿಯ ಕೈ ಬಿಟ್ಟ ಮಗುವಿನಂತೆ ಗಾಬರಿಬಿದ್ದು ಗಡಗಡ ನಡುಗುತ್ತಿತ್ತು. ಎದುರಿಗಿದ್ದುದೆಲ್ಲ ಕುಣಿಯತೊಡಗುತ್ತಿತ್ತು. ಕಣ್ಣಿನ ಆಸ್ಪತ್ರೆಗೆ ಹೋದರೆ ಮೊದಲು ಹೇಳುವ ಮಾತೇ "ಒಂದು ಕಣ್ಣು ಮುಚ್ಚಿ". ಪ್ರತಿ ಸಲವೂ ಅವನು ವಿವರಿಸುತ್ತಿದ್ದ, ಪ್ರತಿ ಸಲವೂ ಅವರು "ಆಯ್ತು, ಮುಚ್ಚಿ" ಎನ್ನುತ್ತಿದ್ದರು.

ರಜೆ ಬರೆದುಕೊಟ್ಟು ಹೊರಟವನಿಗೆ ದಾರಿಯಲ್ಲಿ ಅಕ್ಕನ ಗಂಡ ಸಿಕ್ಕಿದರು. ಕೆಲಸದಿಂದ ನಿವೃತ್ತರಾದ ಮೇಲೆ ಭಾವನಿಗೆ ಇದ್ದ ಉದ್ಯೋಗವೆಂದರೆ ಬೇರೆಯವರ ತೊಂದರೆಗೆ ತಲೆ ಹಾಕುವುದು. ವಿಷಯ ಕೇಳಿದ್ದೇ ಹೊರಟು ನಿಂತರು.

"ನಾನೂ ಬರ್ತೀನಿ ನಡಿ. ನಿನ್ನ ಗೊಣಗಾಟ ಯಾರಿಗೆ ಅರ್ಥ ಆಗುತ್ತೆ?"

"ಬೇಡ ಭಾವ, ನಿಮಗ್ಯಾಕೆ ಸುಮ್ನೆ..."

"ಸುಮ್ನಿರೋ!" ಎಂದವರೇ ಅವನಿಗಿಂತ ಮುಂದೆ ನಡೆದರು.

ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಹೊತ್ತು ಕಾದ ಮೇಲೆ ಪರೀಕ್ಷೆ ಮಾಡುವ ಹುಡುಗಿ ಒಳಗೆ ಕರೆದಳು.

"ನೋಡಮ್ಮ, ನಂದೊಂದು ವಿಚಾರ ಇದೆ. ಒಂದು ಕಣ್ಣು ಮುಚ್ಚಿದ್ರೆ..."

"ಅದನ್ನೆಲ್ಲ ಡಾಕ್ಟರ್ ಹತ್ರ ಹೇಳಿ ಸರ್. ಎಡಗಣ್ಣು ಮುಚ್ಚಿ. ಮೊದಲನೇ ಸಾಲು ಓದಿ."

ಮುಚ್ಚಿದ. ಹಲಗೆಯ ಮೇಲಿನ ಅಕ್ಷರಗಳು ಬಾಣಲೆಗೆ ಬಿದ್ದ ಸಾಸಿವೆಯಂತೆ ಸಿಡಿಯತೊಡಗಿದವು.

"ಕುಣೀತಾ ಇವೆ."

"ಅಕ್ಷರ ಕುಣಿಯಲ್ಲ ಸರ್. ಸರಿಯಾಗಿ ನೋಡಿ ಹೇಳಿ."

ಆಗ ಬಾಗಿಲ ಸಂದಿಯಿಂದ ಪಿಸುದನಿ ಕೇಳಿತು. "ಗ... ಮ... ಆಮೇಲೆ ರ..." ಭಾವ! ಮುಳುಗುತ್ತಿದ್ದವನು ಕಡ್ಡಿ ಹಿಡಿದಂತೆ ಕೊಂಬಣ್ಣ, "ಗ, ಮ, ರ" ಎಂದುಬಿಟ್ಟ.

ಹುಡುಗಿ ಸರಕ್ಕನೆ ತಿರುಗಿದಳು. "ಅದು ಕೆಳಗಿನ ಸಾಲು. ನಾನು ಕೇಳಿದ್ದು ಮೊದಲನೇದು." ಭಾವನನ್ನು ಹೊರಗಟ್ಟಿ, ಬಾಗಿಲು ಹಾಕಿ ಬಂದು ಚೀಟಿಯಲ್ಲಿ ಏನೋ ಗೀಚಿದಳು. ಕೊಂಬಣ್ಣ ಎರಡೂ ಕಣ್ಣು ಬಿಟ್ಟುಕೊಂಡು, ಅವಳು ಬರೆದದ್ದನ್ನು ತಲೆಕೆಳಗಾಗಿಯೇ ಓದಿದ: 'ರೋಗಿ ಸಹಕರಿಸುತ್ತಿಲ್ಲ.'

ಹೊರಗೆ ಬಂದರೆ ಭಾವ ಅಷ್ಟರಲ್ಲಿ ಕಾಯುವ ಕೋಣೆಯವರಿಗೆಲ್ಲ ಅವನ ಜಾತಕ ಬಿಚ್ಚಿಟ್ಟಿದ್ದರು. ಕೂತವರೆಲ್ಲ ಒಂದೊಂದು ಕಣ್ಣಿಗೆ ಅಂಗೈ ಹಿಡಿದು ಗೋಡೆ ಗಡಿಯಾರ ನೋಡುತ್ತಿದ್ದರು.

"ನಂದು ಕುಣೀತಾ ಇಲ್ಲಪ್ಪ," ಎಂದಳು ಒಬ್ಬ ಅಜ್ಜಿ, ಏನೋ ಕಳೆದುಕೊಂಡವಳಂತೆ.

ಹೆಂಡತಿಯ ಜೊತೆಗೆಂದು ಬಂದಿದ್ದ ದಪ್ಪ ಮೀಸೆಯವರೊಬ್ಬರು ಮಾತ್ರ ತಟ್ಟನೆ ಎದ್ದು ನಿಂತರು. "ಅಯ್ಯಯ್ಯೋ! ಎಡಗಣ್ಣಲ್ಲಿ ಗಡಿಯಾರಾನೇ ಕಾಣ್ತಿಲ್ಲ ಕಣೇ!" ಗಂಡ ಹೆಂಡತಿ ಒಟ್ಟಿಗೆ ಡಾಕ್ಟರ ಕೋಣೆಗೆ ನುಗ್ಗಿದರು. ನಿಜಕ್ಕೆ ಆ ಸರದಿ ಕೊಂಬಣ್ಣನದಾಗಿತ್ತು. ಅವರು ಹೊರಬರುವಷ್ಟರಲ್ಲಿ ಗಂಟೆ ಮೂರೂವರೆ.

"ನೋಡಿದ್ಯಾ, ನನ್ನಿಂದ ಒಬ್ಬರಿಗೆ ಉಪಕಾರ ಆಯ್ತು," ಎಂದರು ಭಾವ.

ಕೊಂಬಣ್ಣನಿಗೆ ಭಾವ ಕಾಣುತ್ತಿರಲಿಲ್ಲ. ಖಾಲಿಯಾದ ತನ್ನ ಮೇಜು, ಬೇರೆ ಯಾರದೋ ಕೈಯಲ್ಲಿ ತನ್ನ ಕೆಂಪು ಪೆನ್ನು ಕಾಣುತ್ತಿತ್ತು.

ಡಾಕ್ಟರಮ್ಮ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. "ಯಾಕ್ರೀ ಸಹಕರಿಸಲ್ಲ?"

ಕೊಂಬಣ್ಣನಿಗೆ ಅಳುವೇ ಬಂತು. "ನಲವತ್ತೈದು ವರ್ಷದಿಂದ ಹೇಳ್ತಾನೇ ಇದ್ದೀನಮ್ಮ! ಒಂದು ಕಣ್ಣು ಮುಚ್ಚಿದ್ರೆ ಇನ್ನೊಂದು ನಡುಗುತ್ತೆ. ದಯವಿಟ್ಟು ಒಂದು ಸಲ ನನ್ನ ಕಣ್ಣು ನೋಡಿ. ಎಲ್ಲರೂ ಆ ಹಲಗೇನೇ ನೋಡ್ತಾರೆ!"

ಡಾಕ್ಟರಮ್ಮ ತಮ್ಮ ಕೈಯಿಂದಲೇ ಅವನ ಎಡಗಣ್ಣು ಮುಚ್ಚಿ ಬಲಗಣ್ಣನ್ನು ದಿಟ್ಟಿಸಿದರು. ತೆಗೆದರು. ಮತ್ತೆ ಮುಚ್ಚಿದರು. ಅವರ ಮುಖ ಅರಳಿತು.

"ಇದು ಅಪರೂಪ ಕಣ್ರೀ! ಬರೀ ಪುಸ್ತಕದಲ್ಲಿ ಓದಿದ್ದೆ. ಏ, ಎಲ್ಲರೂ ಬನ್ನಿ ಇಲ್ಲಿ!"

ನರ್ಸುಗಳು, ಕಲಿಯುವ ಡಾಕ್ಟರುಗಳು, ಕನ್ನಡಕದ ಅಂಗಡಿಯವನು ಎಲ್ಲರೂ ಬಂದರು. ಹೊಸ ಮನೆಗೆ ಬಂದವರು ಸ್ವಿಚ್ಚು ಒತ್ತಿ ನೋಡುವ ಹಾಗೆ ಒಬ್ಬೊಬ್ಬರೂ ಅವನ ಕಣ್ಣು ಮುಚ್ಚಿ ತೆಗೆದು ನೋಡಿದರು. ಅಪರೂಪದ ಕಣ್ಣಿನ ಒಡೆಯನಿಗೆ ಮಾತ್ರ ಗಡಿಯಾರದ್ದೇ ಚಿಂತೆ. ನಾಲ್ಕೂಕಾಲು.

"ನಿಮ್ಮ ಒಂದು ಕಣ್ಣನ್ನು ಮುಚ್ಚಲೇಬಾರದು," ಎಂದ ಡಾಕ್ಟರಮ್ಮ ಒಂದು ಕಣ್ಣಿನ ಮುಂದೆ ದಪ್ಪ ಗಾಜು ಹಿಡಿದು ಮಬ್ಬು ಮಾಡಿದರು, ಅಷ್ಟೆ. ಇನ್ನೊಂದು ಕಣ್ಣು ನಡುಗಲಿಲ್ಲ. ಕೊಂಬಣ್ಣ ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಪಟಪಟನೆ ಓದಿದ. ಅಲ್ಲಿಗೂ ನಿಲ್ಲಲಿಲ್ಲ.

"ತೀರಾ ಕೆಳಗೆ ಇರುವೆಯಷ್ಟು ಸಣ್ಣಕ್ಷರದಲ್ಲಿ 'ನೇತ್ರ ಪರೀಕ್ಷ' ಅಂತಿದೆ. 'ಪರೀಕ್ಷೆ' ಅಂತಾಗ್ಬೇಕು. ಎತ್ವ ಬಿಟ್ಟುಹೋಗಿದೆ."

ಪರೀಕ್ಷೆಯ ಹುಡುಗಿ ಎದ್ದು ಹಲಗೆಗೆ ಮೂಗು ತಾಗಿಸಿ ನೋಡಿ, ನಾಲಗೆ ಕಚ್ಚಿಕೊಂಡಳು.

ಡಾಕ್ಟರಮ್ಮ ಉತ್ಸಾಹದಿಂದ ಪೆನ್ನು ತೆಗೆದರು. "ನಿಮ್ಮ ಸ್ಥಿತಿಯ ಹೆಸರು, ಲಕ್ಷಣ, ಎಲ್ಲ ಒಂದು ಪುಟ ವಿವರವಾಗಿ ಬರೆದುಕೊಡ್ತೀನಿ."

ಹೌಹಾರಿದ ಕೊಂಬಣ್ಣ ಕೈಮುಗಿದುಬಿಟ್ಟ. "ಬೇಡ ಅಮ್ಮ! ಅಷ್ಟುದ್ದದ ಹೆಸರು ನೋಡಿದ್ರೆ ಮ್ಯಾನೇಜರು ಇವತ್ತೇ ಮನೆಗೆ ಕಳಿಸ್ತಾರೆ. ದೃಷ್ಟಿ ಚೆನ್ನಾಗಿದೆ ಅಂತ ಒಂದು ಸಾಲು ಬರೀರಿ, ಸಾಕು."

"ವಿವರ ಇದ್ರೆ ಒಳ್ಳೇದು..."

"ಬೇಡ ಅಂತಾನಲ್ಲ, ಬಿಡಿ," ಎಂದು ಭಾವ ಬಾಗಿಲಿನಿಂದಲೇ ತೀರ್ಪು ಕೊಟ್ಟರು.

'ಇವರ ಎರಡೂ ಕಣ್ಣುಗಳ ದೃಷ್ಟಿ ಅತ್ಯುತ್ತಮವಾಗಿದೆ.' ಆ ಒಂದು ಸಾಲನ್ನು ಎದೆಗೊತ್ತಿಕೊಂಡು ಕೊಂಬಣ್ಣ ಓಡಿದ. ಹಿಂದೆ ಏದುಸಿರು ಬಿಡುತ್ತಾ ಬರುತ್ತಿದ್ದ ಭಾವನನ್ನು ಎರಡನೇ ತಿರುವಿನಲ್ಲಿ ಬಿಟ್ಟೇ ಓಡಿದ. ಮ್ಯಾನೇಜರ ಮೇಜಿನ ಮೇಲೆ ಹಾಳೆ ಇಟ್ಟಾಗ ಐದಕ್ಕೆ ನಾಲ್ಕು ನಿಮಿಷವಿತ್ತು.

ಮ್ಯಾನೇಜರು ಓದಿದರು. ಎದ್ದು ಬಂದು ಕೈ ಕುಲುಕಿದರು.

"ಬದುಕಿಸಿದ್ರಿ ಕಣ್ರೀ! ಉಳಿದಿಬ್ಬರಿಗೂ ಕನ್ನಡಕ ಬದಲಾಯಿಸ್ಬೇಕಂತೆ. ನೀವೊಬ್ರೇ ಗಟ್ಟಿ."

"ಹಾಗಾದ್ರೆ... ಆಳು ಕಡಿಮೆ ಮಾಡೋದು..."

"ಯಾರ್ರೀ ಹೇಳಿದ್ದು ಹಾಗೆ? ನಮಗೆ ಹೊಸ ಕೆಲಸ ಬಂದಿದೆ, ಎರಡು ವರ್ಷದ್ದು. ಔಷಧಿ ಡಬ್ಬಿಯೊಳಗೆ ಮಡಚಿ ಇಡೋ ಚೀಟಿಗಳು. ಅಕ್ಷರ ಎಷ್ಟು ಸಣ್ಣದು ಅಂದ್ರೆ, ಒಳ್ಳೇ ಕಣ್ಣಿರೋರೇ ಬೇಕು ಅಂತ ಕಂಪನಿಯವರು ಷರತ್ತು ಹಾಕಿದ್ದಾರೆ. ಅದಕ್ಕೇ ನೋಟೀಸು."

ಕೊಂಬಣ್ಣನಿಗೆ ನೆಲದಿಂದ ಒಂದು ಗೇಣು ಮೇಲೆದ್ದಂತಾಯಿತು. ಮ್ಯಾನೇಜರು ಕಪಾಟಿನಿಂದ ಒಂದು ಪೆಟ್ಟಿಗೆ ತೆಗೆದು, ಅದರೊಳಗಿನ ಯಂತ್ರವನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು. ನುಣ್ಣಗೆ ಹೊಳೆಯುವ ಕಪ್ಪು ಕೊಳವೆ, ತುದಿಯಲ್ಲಿ ಒಂದೇ ಒಂದು ಗಾಜು.

"ಬರಿಗಣ್ಣಿಗೆ ಕಾಣಲ್ಲ ಅಂತ ಅವರೇ ಕೊಟ್ಟಿರೋದು. ಇನ್ಮೇಲೆ ದಿನಕ್ಕೆ ಎಂಟು ಗಂಟೆ ಇದರಲ್ಲೇ. ತುಂಬಾ ಸುಲಭ. ಒಂದು ಕಣ್ಣು ಇಲ್ಲಿಡಿ, ಇನ್ನೊಂದು ಕಣ್ಣು ಮುಚ್ಚಿ."

ಕೊಂಬಣ್ಣ ಕೊಳವೆಯನ್ನು ನೋಡಿದ. ಮ್ಯಾನೇಜರನ್ನು ನೋಡಿದ. ಮೇಜಿನ ಮೇಲಿದ್ದ ಹಾಳೆಯ ಒಂಟಿ ಸಾಲನ್ನು ಎಷ್ಟು ಸಲ ಓದಿದರೂ ಅದರಲ್ಲಿ ಒಂದೇ ಒಂದು ತಪ್ಪು ಸಿಗಲಿಲ್ಲ.

"ಸಾರ್," ಎಂದ, "ನಾಳೆ ಒಂದಿನ ರಜ ಬೇಕಿತ್ತು."

"ಯಾಕೆ?"

"ಕಣ್ಣಿನ ಡಾಕ್ಟರ ಹತ್ರ ಹೋಗ್ಬೇಕು."

ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕರು. "ತಮಾಷೆ ಮಾಡ್ತೀರಲ್ರೀ! ಇಂಥಾ ಕಣ್ಣಿಟ್ಕೊಂಡು ಡಾಕ್ಟರು ಯಾಕ್ರೀ ನಿಮಗೆ?" ಎಂದು, ಆ ಹಾಳೆಯನ್ನು ಜೋಪಾನವಾಗಿ ಕಪಾಟಿನೊಳಗಿಟ್ಟು ಬೀಗ ಹಾಕಿದರು.